ಬೈರಮ್ಮಜ್ಜಿಯ ಬಾಟಲಿ

ನಮ್ಮೂರಿನಲ್ಲಿ ಎಷ್ಟು ಜನ ಇದ್ದಾರೆಂದು ನನಗೆ ಗೊತ್ತಾದದ್ದು ಟೀವಿಯವರು ಬಂದ ದಿನ. ಗ್ರಾಮಸಭೆಗೆ ಹನ್ನೆರಡು ಜನ ಸೇರಿದರೆ ಅದೇ ಹೆಚ್ಚು. ಉಳಿದವರ ಸಹಿಗಾಗಿ ಹಾಜರಿ ಪುಸ್ತಕವೇ ಮನೆಮನೆ ತಿರುಗುತ್ತದೆ. ಆವತ್ತು ಮಾತ್ರ ನೀರಿನ ಟ್ಯಾಂಕಿನ ಸುತ್ತ ಕಾಲಿಡಲು ಜಾಗವಿರಲಿಲ್ಲ. ಟೊಮ್ಯಾಟೊ ಕೀಳುತ್ತಿದ್ದವರು ಕ್ರೇಟುಗಳನ್ನು ಹೊಲದಲ್ಲೇ ಬಿಟ್ಟು ಓಡಿಬಂದಿದ್ದರು.

ನಮ್ಮೂರು ಕೋಲಾರ ಸೀಮೆಯ ತಾಯಲೂರಿನಿಂದ ನಾಲ್ಕು ಕಿಲೋಮೀಟರ್. ಕುಡಿಯಲು ಒಂದೇ ಬೋರು, ಸಾವಿರದ ಇನ್ನೂರು ಅಡಿ. ಅದರ ನೀರು ಟ್ಯಾಂಕಿಗೆ ಹತ್ತಿ ಎಲ್ಲರ ಮನೆಯ ನಲ್ಲಿಗೆ ಇಳಿಯುತ್ತದೆ. ಅಷ್ಟು ಆಳದ ನೀರಿನಲ್ಲಿ ಕಲ್ಲಿನೊಳಗಿನ ಯುರೇನಿಯಂ ಕರಗಿ ಬರಬಹುದೆಂದು ಯಾರೋ ಎಲ್ಲೋ ಬರೆದದ್ದನ್ನು ಓದಿ ಟೀವಿಯವರು ಬಂದಿದ್ದರು. ಮೈಕು ಹಿಡಿದವನು ಮುಖಕ್ಕೆ ಮಾಸ್ಕ್ ಹಾಕಿಕೊಂಡು, ನಲ್ಲಿಯನ್ನು ಎರಡು ಬೆರಳಲ್ಲಿ ತಿರುಗಿಸಿದ. ಮೇಲಿನ ಬಂಡೆ ಬೀದಿಯ ಬೈರಮ್ಮಜ್ಜಿಯನ್ನು ಕ್ಯಾಮರಾದ ಮುಂದೆ ಎರಡು ಸಲ ನಡೆಸಿದ. ಅಜ್ಜಿಯ ಕಾಲು ಬಿಲ್ಲಿನಂತೆ ಬಾಗಿದೆ.

"ಇದು ಫ್ಲೋರೈಡ್ ಕಾಲಪ್ಪ. ಇಂದಿರಮ್ಮ ಇದ್ದಾಗಿಂದ ಹಿಂಗೇ ಐತೆ," ಎಂದು ಅಜ್ಜಿ ಹೇಳುತ್ತಲೇ ಇದ್ದಳು.

ಟೊಮ್ಯಾಟೊ ಸಾಗಿಸುವ ಲಗೇಜ್ ಆಟೋದ ಗೋಪಿಯನ್ನೂ ಕೇಳಿದರು. "ರಾತ್ರಿ ಹೊತ್ತು ಬೋರ್ ಹತ್ರ ಬೆಳಕೇನಾದ್ರೂ ಕಾಣುತ್ತಾ?"

"ಕಾಣುತ್ತೆ ಸಾರ್. ಮೋಟ್ರು ರೂಮಲ್ಲಿ ಬಲ್ಬ್ ಐತೆ."

ಟೀವಿಯಲ್ಲಿ ಬಂದದ್ದು "ಕಾಣುತ್ತೆ ಸಾರ್" ಎಂಬುದಷ್ಟೇ. ಅಜ್ಜಿಯ ಮಾತು ಬರಲಿಲ್ಲ, ಕಾಲು ಮಾತ್ರ ಬಂತು. ಕೆಂಪು ಅಕ್ಷರ, ಹಸಿರು ಬೆಳಕು, ಹೊಗೆ, ಸೈರನ್ ಸದ್ದಿನ ನಡುವೆ ನಾಲ್ಕು ಚೌಕದಲ್ಲಿ ನಾಲ್ಕು ಜನ ಒಟ್ಟಿಗೇ ಕೂಗಾಡಿದರು. ಒಬ್ಬರು ಊರನ್ನೇ ಖಾಲಿ ಮಾಡಿಸಬೇಕು ಎಂದರು. ಇನ್ನೊಬ್ಬರು ಇದೆಲ್ಲ ಸುಳ್ಳು, ರೈತರ ಹೆಸರು ಕೆಡಿಸುವ ಸಂಚು ಎಂದರು. ಅರ್ಧ ಗಂಟೆಯಾದ ಮೇಲೆ ಬೇರೆ ಸುದ್ದಿ ಬಂತು. ಆಮೇಲೆ ಆ ಚಾನೆಲ್ಲಿನಲ್ಲಿ ನಮ್ಮೂರ ಹೆಸರು ಬರಲಿಲ್ಲ.

ಸುತ್ತಲ ಊರುಗಳಲ್ಲಿ ಮಾತ್ರ ಆ ಹೆಸರು ಉಳಿಯಿತು. ನಂಟರು ಬಂದರೆ ಕೈಯಲ್ಲೇ ನೀರಿನ ಬಾಟಲಿ ತರತೊಡಗಿದರು. ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ ಸುನಂದಕ್ಕನ ಮಗಳು ಶ್ವೇತಾಳನ್ನು ನೋಡಲು ಶ್ರೀನಿವಾಸಪುರದ ಕಡೆಯವರು ಬಂದಿದ್ದ ದಿನ ತಟ್ಟೆ ಎತ್ತಲು ನಾನೂ ಹೋಗಿದ್ದೆ. ಐದು ಜನ ಚಾಪೆಯ ಮೇಲೆ ಕೂತರು. ಐವರೂ ತಮ್ಮ ತಮ್ಮ ಬಾಟಲಿಯನ್ನು ಮಂಡಿಯ ಪಕ್ಕ ಇಟ್ಟುಕೊಂಡರು. ಸುನಂದಕ್ಕ ಬೆಳಗಿ ತಂದ ಹಿತ್ತಾಳೆ ಲೋಟಗಳಲ್ಲಿ ನೀರು ಹಾಗೇ ಉಳಿಯಿತು. ಅದನ್ನು ಹಿಂದಕ್ಕೆ ಒಯ್ದು ಚೆಲ್ಲಿದವಳು ನಾನೇ. ಮೂರು ದಿನದ ಮೇಲೆ ಜಾತಕ ಕೂಡಲಿಲ್ಲವೆಂದು ಫೋನ್ ಬಂತು.

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬಸ್‌ಸ್ಟಾಪಿನ ಪಕ್ಕದ ಶುದ್ಧ ನೀರಿನ ಘಟಕ ನೋಡಿಕೊಳ್ಳುತ್ತೇನೆ. ಎಲ್ಲರೂ ಅದನ್ನು ಫಿಲ್ಟರ್ ಎನ್ನುತ್ತಾರೆ. ಅದೇ ಬೋರಿನ ನೀರು ಅಲ್ಲಿ ಸೋಸಿ ಬರುತ್ತದೆ. ಕಾಸು ಹಾಕಿದರೆ ಇಪ್ಪತ್ತು ಲೀಟರ್. ಈ ಕೆಲಸ ಕೊಡಿಸಿದ್ದು ಸುನಂದಕ್ಕ. "ಈ ತ್ರಿವೇಣಿ ಬಾಯಿ ಬಿಡಲ್ಲ, ಕ್ಯೂನಲ್ಲಿ ಯಾರ ಜತೆಗೂ ಜಗಳ ಆಡಲ್ಲ," ಎಂದು ಪಂಚಾಯಿತಿಯಲ್ಲಿ ಹೇಳಿದ್ದಳು.

ಫಿಲ್ಟರಿನಿಂದ ಬಂಡೆ ಬೀದಿಗೆ ಏರುದಾರಿ. ಅಲ್ಲಿನ ಮೂವತ್ತು ಮನೆಯವರು ತುಂಬಿದ ಕ್ಯಾನ್ ಹೊತ್ತು ಹತ್ತಲಾರದೆ ನಲ್ಲಿ ನೀರನ್ನೇ ಕುಡಿಯುತ್ತಾರೆ. ಬೈರಮ್ಮಜ್ಜಿಯ ಮೊಮ್ಮಗಳು ಮಾಲೂರಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಎರಡು ವರ್ಷದ ಮಗು ಪುಟ್ಟಿ ಅಜ್ಜಿಯ ಹತ್ತಿರ ಬೆಳೆಯುತ್ತಿದೆ. ಅದರ ರಾಗಿ ಸರಿಗೂ ನಲ್ಲಿ ನೀರೇ. ನಾನು ಕೆಲವು ದಿನ ಸಂಜೆ ಒಂದು ಕ್ಯಾನ್ ಹೊತ್ತು ಅಜ್ಜಿಯ ಮನೆಗೆ ಕೊಡುತ್ತೇನೆ. ಅದು ಒಂದು ಮನೆಗಾಯಿತು. ಬಂಡೆ ಬೀದಿಗೇ ಒಂದು ಫಿಲ್ಟರ್ ಬೇಕೆಂದು ಅರ್ಜಿ ಹೋಗಿ ಎರಡು ವರ್ಷವಾಗಿತ್ತು. ಟೀವಿಯವರು ಬಂದುಹೋದ ಮೇಲೆ ಆ ಕಡತ ಸ್ವಲ್ಪ ಅಲ್ಲಾಡಿತು. ಮೊದಲು ನೀರು ಪರೀಕ್ಷೆಯಾಗಲಿ, ಕೆಟ್ಟದ್ದೆಂದು ಬಂದರೆ ಫಿಲ್ಟರ್ ಕೊಡೋಣ ಎಂದು ತಾಲ್ಲೂಕಿನಿಂದ ಮಾತು ಬಂತು.

ಪರೀಕ್ಷೆಗೆ ಬಂದವರು ಅರುಣ್‌ಕುಮಾರ್ ಎಂಬ ಲ್ಯಾಬಿನವರು. ಚಿಕ್ಕ ವಯಸ್ಸು, ಕನ್ನಡಕ, ಬೆನ್ನಿಗೆ ಚೀಲ. ಸಂಘದ ಕಟ್ಟಡದಲ್ಲಿ ನಲವತ್ತು ಖಾಲಿ ಬಾಟಲಿ ಜೋಡಿಸಿಟ್ಟು ಹೆಂಗಸರಿಗೆ ವಿವರಿಸಿದರು.

"ಟೀವಿಲಿ ತೋರ್ಸಿದ್ರಲ್ಲ, ಹಸಿರು ಬೆಳಕು, ಹೊಗೆ, ಅದೆಲ್ಲ ಏನಿಲ್ಲಮ್ಮ. ನೀರು ಮುಟ್ಟಿದ್ರೆ, ಸ್ನಾನ ಮಾಡಿದ್ರೆ ಭಯ ಇಲ್ಲ. ವರ್ಷಗಟ್ಟಲೆ ಕುಡಿದ್ರೆ ಕಿಡ್ನಿಗೆ ತೊಂದ್ರೆ ಆಗಬಹುದು. ಅದರಲ್ಲೂ ಮಕ್ಕಳಿಗೆ. ಇದ್ಯೋ ಇಲ್ವೋ ಅಂತ ನೋಡಕ್ಕೇ ಬಂದಿರೋದು. ಬೆಳಿಗ್ಗೆ ನಿಮ್ಮ ಮನೆ ನಲ್ಲಿ ಎರಡು ನಿಮಿಷ ಬಿಟ್ಟು, ಆಮೇಲೆ ಹಿಡೀರಿ. ಬಾಟ್ಲಿ ತೊಳೀಬೇಡಿ, ಲ್ಯಾಬಲ್ಲೇ ತೊಳೆದಿದೆ. ಒಂಬತ್ತು ಗಂಟೆಗೆ ಬಂದು ತಗೊಳ್ತೀನಿ."

ಎಲ್ಲರೂ ತಲೆಯಾಡಿಸಿದರು. ಆ ಸಂಜೆ ನಾನು ಮನೆಗೆ ಹೋಗುವಾಗ ಬೀದಿಯುದ್ದಕ್ಕೂ ಬೇಲಿ ಗೂಟಗಳ ಮೇಲೆ ಬಾಟಲಿಗಳು ಬೋರಲು ಒಣಗುತ್ತಿದ್ದವು. ಹುಣಿಸೆಹಣ್ಣು, ಬೂದಿ ಹಾಕಿ ಉಜ್ಜಿದ್ದರು. ಬೇರೆಯವರ ಕೈಗೆ ಹೋಗುವ ಪಾತ್ರೆಯನ್ನು ತೊಳೆಯದೆ ಕೊಡುವುದು ನಮ್ಮ ಕಡೆ ಯಾರಿಂದಲೂ ಆಗದ ಕೆಲಸ.

ಮಾರನೆಯ ದಿನ ಆರು ಗಂಟೆಗೆ ನಾನು ಫಿಲ್ಟರಿನ ಬಾಗಿಲು ತೆಗೆದಾಗ ಸುನಂದಕ್ಕ ತನ್ನ ಬೀದಿಯವರದ್ದನ್ನೂ ಸೇರಿಸಿ ಬುಟ್ಟಿಯಲ್ಲಿ ಹನ್ನೊಂದು ಬಾಟಲಿ ಇಟ್ಟುಕೊಂಡು ನಿಂತಿದ್ದಳು.

"ಅಕ್ಕಾ, ನಲ್ಲೀದಲ್ವಾ ಹಿಡೀಬೇಕಿದ್ದು?" ಎಂದೆ.

"ಸುಮ್ನಿರೇ. ಲ್ಯಾಬಿಗೆ ಹೋಗೋ ನೀರು ಕಣೇ. ನಾಲ್ಕು ಜನ ದೊಡ್ಡೋರು ನೋಡ್ತಾರೆ. ಆ ಉಪ್ಪು ನೀರು ಕಳಿಸಿ, ಇನ್ನೊಂದ್ ಸಲ ಟೀವಿಲಿ ಬರ್ಬೇಕಾ? ನಮ್ಮ ಶ್ವೇತ ಮನೇಲೇ ಕೂತ್ಕೊಬೇಕಾ?"

ಬೆಳಗಿದ ಹಿತ್ತಾಳೆ ಲೋಟಗಳು ನನ್ನ ಕಣ್ಣ ಮುಂದೆ ಬಂದವು. ನಾನು ನಲ್ಲಿ ತಿರುಗಿಸಿದೆ.

ಅವಳ ಹಿಂದೆ ಉಳಿದವರು ಬಂದರು. ಒಬ್ಬರು ತಂದರೆಂದು ಇನ್ನೊಬ್ಬರು. ಕೋದಂಡರಾಮಪ್ಪನವರ ಹೆಂಡತಿ, ಪಾಪ ಲ್ಯಾಬಿನೋರು ಅಷ್ಟು ದೂರದಿಂದ ಬರ್ತಾರೆ ಎಂದು ಬಾಟಲಿಗೆ ಎರಡು ತುಳಸಿ ದಳ ಹಾಕಿದ್ದಳು. ನಾನು ಕಡ್ಡಿಯಿಂದ ತೆಗೆದೆ. ಕುಡಿಯುವ ನೀರಿಗೆ ಒಂದು ದಿನವೂ ಇಳಿಯದ ಬಂಡೆ ಬೀದಿಯವರು ಆವತ್ತು ಅಂಗೈಯಗಲದ ಬಾಟಲಿ ಹಿಡಿದು ಇಳಿದು ಬಂದರು. ಎಂಟೂವರೆಗೆ ನಾನು ಮೂವತ್ತೆಂಟು ಬಾಟಲಿ ತುಂಬಿದ್ದೆ. ಮೂವತ್ತೊಂಬತ್ತನೆಯದನ್ನು ಗೋಪಿ ಪೆಟ್ರೋಲು ತರಲು ಒಯ್ದು ಎಲ್ಲೋ ಕಳೆದಿದ್ದ. ನಲವತ್ತನೆಯದು ಬೈರಮ್ಮಜ್ಜಿಯದು. ಅವಳಿಗೆ ಇಳಿಯಲು ಕಾಲಿಲ್ಲ. ನಲ್ಲಿಯಲ್ಲೇ ಹಿಡಿದು ಬಾಗಿಲಲ್ಲಿ ಇಟ್ಟಿದ್ದಳು.

ಅರುಣ್‌ಕುಮಾರ್ ಸಾರ್ ಒಂಬತ್ತಕ್ಕೆ ಬಂದು, ಎಲ್ಲವನ್ನೂ ಪೆಟ್ಟಿಗೆಯಲ್ಲಿಟ್ಟು, ಥ್ಯಾಂಕ್ಸ್ ಹೇಳಿ ಹೋದರು. ನಾನು ಫಿಲ್ಟರಿನ ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದೆ. ಒಂದು ಮಾತು ಹೇಳಬಹುದಿತ್ತು. ಬಸ್ಸು ಬಂತು, ಅವರು ಹತ್ತಿದರು.

ಮೂರು ವಾರಕ್ಕೆ ವರದಿ ಬಂತು. ಮೂವತ್ತೆಂಟು ಮನೆ ನೀರು ಚೆನ್ನಾಗಿದೆ, ಒಂದು ಮನೆಯದರಲ್ಲಿ ಮಾತ್ರ ಯುರೇನಿಯಂ ಮಿತಿಗಿಂತ ಜಾಸ್ತಿ. ಆ ಒಂದು ಯಾರದೆಂದು ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು.

ನಾನು ಸಂಜೆ ಕ್ಯಾನ್ ಹೊತ್ತು ಹೋದಾಗ ಅಜ್ಜಿ ಹೊಸಲಿನಲ್ಲಿ ಕೂತಿದ್ದಳು. ಪುಟ್ಟಿ ಅವಳ ಬಾಗಿದ ಕಾಲುಗಳ ನಡುವೆ ನುಸುಳಿ ಆಡುತ್ತಿತ್ತು.

"ಏಮೇ ತಲ್ಲಿ, ನಾನು ಏನು ಹಾಕ್ದೆ ಅಂತೀನಿ ಆ ಬಾಟ್ಲಿಗೆ?" ಎಂದಳು. "ಪಕ್ಕದ ಮನೆ ಭಾರತಮ್ಮ ಬಂದು ಕೇಳ್ತಾಳೆ, ಟೊಮ್ಯಾಟೊಗೆ ಹೊಡ್ಯೋ ಔಷಧಿ ಡಬ್ಬದ ನೀರು ಹಿಡ್ದ್ಯಾ ಅಂತ. ನಮ್ಮಿಬ್ರಿಗೂ ಒಂದೇ ಪೈಪು ಕಣೇ. ಅವಳ ಮನೇಲಿ ಅಮೃತ, ನನ್ನ ಮನೇಲಿ ವಿಷ ಹೆಂಗ್ ಬರ್ತದೆ?"

ನಾನು ಕ್ಯಾನ್ ಇಳಿಸಿದೆ.

"ನಾನು ಕುಡಿದಾಯ್ತು, ನಂದು ಮುಗೀತು. ಇದಕ್ಕೆ ಏನು ಗತಿ?" ಅವಳು ಪುಟ್ಟಿಯ ತಲೆ ಸವರಿದಳು. "ನನ್ನ ಕೈ ತಪ್ಪಿಂದ ಟೆಸ್ಟೇ ಕೆಟ್ಟು ಬೀದಿಗೆ ಫಿಲ್ಟರ್ ಬರ್ದೇ ಹೋದ್ರೆ ಈ ಮಗು ಮುಖ ಹೆಂಗ್ ನೋಡ್ಲಿ?"

"ನಿನ್ ಕೈ ತಪ್ಪಿಲ್ಲ ಅಜ್ಜಿ," ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಬಾಯಿ ಬರಲಿಲ್ಲ. ಮೂವತ್ತೆಂಟು ಮನೆಯವರಿಗೂ ಸತ್ಯ ಗೊತ್ತಿತ್ತು. ಆದರೆ ಪ್ರತಿಯೊಬ್ಬರೂ ತಮ್ಮದೊಂದು ಬಾಟಲಿಯಿಂದ ಏನಾಗುತ್ತದೆ ಎಂದುಕೊಂಡಿದ್ದರು. ಒಟ್ಟಿಗೆ ಮೂವತ್ತೆಂಟನ್ನೂ ನೋಡಿದವಳು ನಾನೊಬ್ಬಳೇ.

ಮುಂದಿನ ಮಂಗಳವಾರ ಮಧ್ಯಾಹ್ನ ಸಂಘದ ಕಟ್ಟಡದಲ್ಲಿ ಗ್ರಾಮಸಭೆ. ವರದಿಯನ್ನು ಓದಿ ಕಡತ ಮುಗಿಸುವುದಕ್ಕೆಂದೇ ಕರೆದದ್ದು. ಕೋಲಾರದ ಮಾರ್ಕೆಟ್ಟಿನಲ್ಲಿ ಟೊಮ್ಯಾಟೊಗೆ ರೇಟು ಬಂದಿದ್ದರಿಂದ ಜನ ಬರಲಿಲ್ಲ. ಎಣಿಸಿದರೆ ಹದಿನಾಲ್ಕು ತಲೆ. ಬೈರಮ್ಮಜ್ಜಿಯನ್ನು ಗೋಪಿ ಆಟೋದಲ್ಲಿ ಕೂರಿಸಿಕೊಂಡು ಬಂದಿದ್ದ. ನಾನು ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಿದ್ದೆ.

ಪಂಚಾಯಿತಿ ಮೆಂಬರ್ ದೊಡ್ಡವೆಂಕಟಪ್ಪನವರು ಕನ್ನಡಕ ಏರಿಸಿ ಓದಿದರು. "ಮೂವತ್ತೆಂಟು ಪಾಸು, ಒಂದು ಫೇಲು. ನೀರು ಚೆನ್ನಾಗಿದೆ ಅಂತಾಯ್ತು. ಒಂದು ಬಾಟ್ಲಿಗೋಸ್ಕರ ಬಂಡೆ ಬೀದಿಗೆ ಫಿಲ್ಟರ್ ಹಾಕ್ಸಿ ಅಂದ್ರೆ ಮೇಲಿನೋರು ನಗ್ತಾರೆ. ಟೀವಿಯೋರಿಗೂ ಒಂದು ಉತ್ತರ ಆಯ್ತು. ಏನಂತೀರಿ?"

ಮೂಲೆಯಿಂದ ಅರುಣ್‌ಕುಮಾರ್ ಸಾರ್ ಎದ್ದರು. ಅವರನ್ನು ಯಾರೂ ಕರೆದಿರಲಿಲ್ಲ, ತಾವೇ ಬಸ್ಸು ಹತ್ತಿ ಬಂದಿದ್ದರು.

"ಒಂದು ಡೌಟು ಇದೆ ಸಾರ್. ಒಂದೇ ಬೋರು, ಒಂದೇ ಟ್ಯಾಂಕು. ಆದ್ರೆ ಮೂವತ್ತೆಂಟು ಬಾಟ್ಲಿಲಿ ಉಪ್ಪಿನಂಶ ಐವತ್ತರಿಂದ ಅರವತ್ತು. ಅಜ್ಜಿ ಬಾಟ್ಲಿಲಿ ಸಾವಿರದ ನೂರು. ಇದು ಹೇಗೆ ಅಂತ ನಂಗೆ ಗೊತ್ತಾಗ್ತಿಲ್ಲ. ಬೇರೆ ಎಲ್ಲಿಂದಾದ್ರೂ ಹಿಡಿದ್ರಾ?"

ಸುನಂದಕ್ಕ ಸೆರಗಿನ ಅಂಚನ್ನು ನೋಡುತ್ತಿದ್ದಳು.

"ಅಜ್ಜಿ ಸಾರಿಗೆ ಅಂತ ಉಪ್ಪು ಹಾಕಿರ್ತಾಳೆ ಬಿಡಿ ಸಾರ್," ಎಂದು ಹಿಂದಿನಿಂದ ಯಾರೋ ಅಂದರು. ಜನ ನಕ್ಕರು. ಕಡಿಮೆ ಜನರಿದ್ದದ್ದರಿಂದ ಯಾರು ಯಾರು ನಕ್ಕರೆಂದು ಅಜ್ಜಿಗೂ ಕಾಣಿಸುತ್ತಿತ್ತು. ಅವಳು ತಿರುಗಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಕೈಮುಗಿದು, "ತಪ್ಪಾಯ್ತಪ್ಪ. ನನ್ ಬಾಟ್ಲಿ ಬಿಟ್ಬುಡಿ. ಅದೊಂದು ಲೆಕ್ಕಕ್ಕೆ ಬೇಡ. ಫಿಲ್ಟರ್ ಮಾತ್ರ ಕೊಡಿ, ಮಕ್ಕಳವೆ," ಎಂದಳು.

ನಾನು ಹೊರಗೆ ಬಂದೆ. ಸಂಘದ ಕಟ್ಟಡದಿಂದ ಫಿಲ್ಟರಿಗೆ ಐವತ್ತು ಹೆಜ್ಜೆ. ಅಲ್ಲಿ ಮೊಳೆಗೆ ದಾರ ಕಟ್ಟಿ ನೇತುಹಾಕಿದ ಪೆನ್ನಿನಂಥ ಮೀಟರ್ ಇದೆ. ನೀರು ಸರಿಯಾಗಿ ಸೋಸುತ್ತಿದೆಯೇ ಎಂದು ನೋಡಲು ಮೆಷಿನ್ ಹಾಕಿದವರು ಕೊಟ್ಟದ್ದು. ಯುರೇನಿಯಂ ಅದಕ್ಕೆ ಕಾಣುವುದಿಲ್ಲ. ಕರಗಿದ ಉಪ್ಪನ್ನಷ್ಟೇ ಅಂಕೆಯಲ್ಲಿ ತೋರಿಸುತ್ತದೆ. ನಾನು ಅದನ್ನು ಬಿಚ್ಚಿಕೊಂಡೆ. ಒಂದು ಲೋಟ ಫಿಲ್ಟರ್ ನೀರು, ಒಂದು ಲೋಟ ಬೀದಿ ನಲ್ಲಿಯ ನೀರು ಹಿಡಿದು ಸಭೆಗೆ ಬಂದು ಮೇಜಿನ ಮೇಲೆ ಇಟ್ಟೆ. ಹಾಜರಿ ಪುಸ್ತಕದ ಮೇಲೆ ಸ್ವಲ್ಪ ಚೆಲ್ಲಿತು.

"ಏನಮ್ಮ ಇದು?" ಎಂದರು ದೊಡ್ಡವೆಂಕಟಪ್ಪನವರು.

ನಾನು ಮೀಟರನ್ನು ಮೊದಲ ಲೋಟಕ್ಕೆ ಅದ್ದಿ ಅರುಣ್‌ಕುಮಾರ್ ಸಾರ್ ಕಡೆ ತಿರುಗಿಸಿದೆ. ಐವತ್ತಾರು. ಎರಡನೆಯದಕ್ಕೆ ಅದ್ದಿದೆ. ಸಾವಿರದ ತೊಂಬತ್ತು. ಅವರು ಒಂದು ಕ್ಷಣ ನೋಡಿ, ಮೆಲ್ಲಗೆ ಕೂತುಬಿಟ್ಟರು.

"ಆ ಬಾಟ್ಲಿಗಳೆಲ್ಲ ಫಿಲ್ಟರ್ ನೀರು ಸಾರ್," ಎಂದೆ. ನನ್ನ ಧ್ವನಿ ನನಗೇ ಯಾರದೋ ಎನಿಸಿತು. "ನಾನೇ ತುಂಬ್ಸಿ ಕೊಟ್ಟಿದ್ದು. ಅಜ್ಜೀದೊಂದೇ ನಲ್ಲೀದು."

"ಲೇ!" ಸುನಂದಕ್ಕ ಎದ್ದು ನಿಂತಳು. "ಬಾಯಿಲ್ಲ ಅಂತ ಕೆಲಸ ಕೊಡಿಸ್ದೆ ನಿಂಗೆ. ಇಷ್ಟು ದಿನ ಇಲ್ದಿರೋ ಬಾಯಿ ಇವತ್ತು ಎಲ್ಲಿಂದ ಬಂತೇ? ಸಾರ್, ಹೌದು, ನಾನೇ ಹೇಳಿದ್ದು. ಬರ್ಕೊಳ್ಳಿ ನನ್ ಹೆಸರು. ನಮ್ಮನೇಗೆ ಬಂದೋರು ನಮ್ಮ ಮನೆ ನೀರು ಮುಟ್ಲಿಲ್ಲ. ನಿಮ್ಮನೇಲಿ ಹಂಗಾದ್ರೆ ನೀವೇನ್ ಮಾಡ್ತಿದ್ರಿ?"

ಈ ಸಲ ಯಾರೂ ನಗಲಿಲ್ಲ.

ಅರುಣ್‌ಕುಮಾರ್ ಸಾರ್ ಕನ್ನಡಕ ತೆಗೆದು ಒರೆಸಿದರು. "ನಾನೂ ಮನೆಮನೆಗೆ ಬಂದು ಹಿಡೀಬೇಕಿತ್ತಮ್ಮ. ಬಾಟ್ಲಿ ಇಟ್ಟು ಹೋದೆ. ಬಸ್ಸು ಹತ್ತೋ ಅವಸರ. ನಾಳೆ ಬೆಳಿಗ್ಗೆ ಮತ್ತೆ ಬರ್ತೀನಿ. ಹಿಡೀಬಹುದಾ?"

"ನಾಳೆ ಟೊಮ್ಯಾಟೊ ಕೀಳೋದಿದೆ," ಎಂದ ಒಬ್ಬ. ಇನ್ನೊಬ್ಬ ಚಪ್ಪಲಿ ಹುಡುಕುತ್ತಿದ್ದ. ದೊಡ್ಡವೆಂಕಟಪ್ಪನವರು ವರದಿಯನ್ನು ಮಡಚಿ ಜೇಬಿಗಿಟ್ಟುಕೊಂಡು, "ಸರಿ, ಕಡತ ಮುಗ್ಸಲ್ಲ. ಹೊಸ ವರದಿ ಬರ್ಲಿ," ಎಂದರು. ಬೈರಮ್ಮಜ್ಜಿ ಎದ್ದು, ನಕ್ಕವರ ಕಡೆಗೆ ತಿರುಗಿ, "ಉಪ್ಪು ಯಾರು ಹಾಕಿದ್ದು ಅಂತ ತಿಳೀತಾ ನಾಯನಾ?" ಎಂದು ಕೇಳಿ ಗೋಪಿಯ ಭುಜ ಹಿಡಿದು ಹೊರಗೆ ನಡೆದಳು.

ಆ ಸಂಜೆ ಗೋಪಿ ಫಿಲ್ಟರಿನ ಮುಂದೆ ನಿಂತು, ಟೀವಿಯವನು ಕೊಟ್ಟುಹೋಗಿದ್ದ ನಂಬರಿಗೆ ಫೋನ್ ಮಾಡಿದ. ಫೋನನ್ನು ಜೋರಾಗಿ ಕೇಳುವಂತೆ ಇಟ್ಟಿದ್ದ.

"ಸಾರ್, ನಮ್ಮೂರ ನೀರು ಟೆಸ್ಟು ತಪ್ಪಾಗಿತ್ತು. ಈಗ ಮತ್ತೆ ಮಾಡ್ತಾರೆ. ಬರ್ತೀರಾ?"

"ಯಾರಾದ್ರೂ ಸತ್ತಿದ್ದಾರಾ?"

"ಇಲ್ಲ ಸಾರ್."

"ಏನಾದ್ರೂ ಆದ್ರೆ ಹೇಳಿ."

ಗೋಪಿ ಫೋನ್ ಕಿಸೆಗಿಟ್ಟು, "ಬಲ್ಬ್ ಅಂತ ಮೊದ್ಲೇ ಹೇಳ್ಬೇಕಿತ್ತು ನಾನು. ಕಾಣುತ್ತೆ ಅಂತ ಆಮೇಲೆ," ಎಂದ. ನಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅರುಣ್‌ಕುಮಾರ್ ಸಾರ್ ಜೊತೆ ನಾನೂ ಮನೆಮನೆಗೆ ಹೋದೆ. ಅವರು ನಲ್ಲಿ ಬಿಟ್ಟು ಗಡಿಯಾರ ನೋಡುವರು. ನಾನು ಬಾಟಲಿ ಹಿಡಿಯುವೆ. ಎರಡು ನಿಮಿಷ ನೀರು ಸುಮ್ಮನೆ ಹರಿದುಹೋಗುವುದನ್ನು ನೋಡಲಾರದೆ ಪ್ರತಿ ಮನೆಯಲ್ಲೂ ಯಾರಾದರೊಬ್ಬರು ಬಿಂದಿಗೆ ತಂದು ಒಡ್ಡುತ್ತಿದ್ದರು. ಭಾರತಮ್ಮನ ಮನೆಯಲ್ಲಿ ಬಾಗಿಲು ಹಾಕಿತ್ತು. ನಾವು ಹಿಂದಿನ ನಲ್ಲಿಯಲ್ಲಿ ಹಿಡಿಯುವಾಗ ಕಿಟಕಿಯ ಪರದೆ ಅಲ್ಲಾಡಿತು. ಬೈರಮ್ಮಜ್ಜಿ ಮಾತ್ರ ಮೊದಲೇ ನಲ್ಲಿ ಬಿಟ್ಟುಕೊಂಡು ಕಾದಿದ್ದಳು.

"ನಂದು ಇನ್ನೊಂದ್ ಸಲ ಯಾಕೆ? ನಾನು ಆವತ್ತೇ ಪಾಸು," ಎಂದಳು.

ಸುನಂದಕ್ಕನ ಮನೆಗೆ ಕೊನೆಗೆ ಹೋದೆವು. ನನಗೆ ಒಳಗೆ ಹೋಗಲು ಧೈರ್ಯವಾಗದೆ ಗೇಟಿನಲ್ಲೇ ನಿಂತೆ. ಶ್ವೇತಾ ಹೊರಬಂದು ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ನಲ್ಲಿಗೆ ಒಡ್ಡಿದಳು. ತುಂಬಿದ ಮೇಲೆ ಮುಚ್ಚಳ ಬಿಗಿಮಾಡಿ, ಹೊರಮೈಯನ್ನು ಸೆರಗಿನಲ್ಲಿ ಒರೆಸಿ, ಅರುಣ್‌ಕುಮಾರ್ ಸಾರ್ ಕೈಗೆ ಕೊಟ್ಟಳು. ಸುನಂದಕ್ಕ ಒಳಗಿನಿಂದ ಲೋಟದಲ್ಲಿ ನೀರು ತಂದು, ಹೊಸಲಿನಲ್ಲಿ ತಟ್ಟನೆ ನಿಂತಳು. ಲೋಟವನ್ನು ನೋಡಿದಳು. ಒಳಗೆ ಹೋಗಿ ಎರಡು ಮಾವಿನಹಣ್ಣು ತಂದು ಅವರಿಗೊಂದು ಕೊಟ್ಟಳು. ಇನ್ನೊಂದನ್ನು ನನ್ನ ಕಡೆ ಚಾಚಿ, ಮುಖ ಬೇರೆ ಕಡೆ ತಿರುಗಿಸಿಕೊಂಡು, "ಹಿಡಿ," ಎಂದಳು.

ಹೊಸ ವರದಿ ಬಂದಾಗ ಮುಂಗಾರು ಶುರುವಾಗಿತ್ತು. ಎಲ್ಲರ ಮನೆಯ ನೀರೂ ಬೈರಮ್ಮಜ್ಜಿಯ ನೀರಿನಂತೆಯೇ ಇತ್ತು. ದೊಡ್ಡವೆಂಕಟಪ್ಪನವರು ಕಡತವನ್ನು ಮುಳಬಾಗಿಲಿನ ತಾಲ್ಲೂಕು ಕಚೇರಿಗೆ ಒಯ್ದು ಕೊಟ್ಟು ಬಂದರು. ಬಂಡೆ ಬೀದಿಯ ಫಿಲ್ಟರಿಗೆ ಒಪ್ಪಿಗೆಯಾಗಿದೆ, ಕೆಲಸ ಶುರುವಾಗಬೇಕು. ಯಾವಾಗ ಎಂದು ಕೇಳಿದರೆ ಆಗುತ್ತೆ ಎನ್ನುತ್ತಾರೆ. ಪೇಪರಿನಲ್ಲೋ ಟೀವಿಯಲ್ಲೋ ಅದು ಬರಲಿಲ್ಲ.

ಅಲ್ಲಿಯವರೆಗೆ ಏನು ಮಾಡುವುದು ಎಂದು ನಾನು ಫಿಲ್ಟರಿನ ಬಾಗಿಲಲ್ಲಿ ಕೂತು ಯೋಚಿಸುತ್ತಿದ್ದ ಒಂದು ಬೆಳಿಗ್ಗೆ ಗೋಪಿಯ ಆಟೋ ಖಾಲಿ ಕ್ರೇಟುಗಳನ್ನು ಗಡಗಡ ಅನ್ನಿಸುತ್ತ ಏರು ಹತ್ತಿತು. ಬಂಡೆ ಬೀದಿಯ ಆಚೆಯ ಹೊಲಗಳಿಗೆ ಅದು ದಿನವೂ ಖಾಲಿ ಹತ್ತುತ್ತದೆ, ತುಂಬಿ ಇಳಿಯುತ್ತದೆ. ನಾನು ಎಷ್ಟೋ ವರ್ಷದಿಂದ ನೋಡುತ್ತಿದ್ದೆ.

ಮಾರನೆಯ ದಿನ ಆಟೋಗೆ ಅಡ್ಡ ನಿಂತೆ.

"ಗೋಪಿ, ಹತ್ತೋವಾಗ ಕ್ಯಾನ್ ಹಾಕ್ಕೊಂಡು ಹೋಗ್ತೀಯಾ?"

"ಅಬ್ಬಾ, ಮಾತಾಡಕ್ಕೆ ಕಲಿತ್ಬಿಟ್ಟೆ ನೀನು," ಎಂದ ಅವನು. ಕೆಳಗಿಳಿದು ಕ್ರೇಟುಗಳನ್ನು ಒಂದರೊಳಗೊಂದು ಒತ್ತಿ ಜಾಗ ಮಾಡಿದ. ಮೊದಲ ದಿನ ಎಂಟು ಕ್ಯಾನ್ ಹಿಡಿಸಿತು. ಎತ್ತಿಕೊಡಲು ಇನ್ನೊಂದು ಕೈ ಬೇಕಾಗಿತ್ತು. ತಿರುಗಿ ನೋಡಿದರೆ ಸುನಂದಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎಂಟನೆಯದನ್ನು ಎತ್ತುತ್ತಿದ್ದಳು.

"ಇದು ಬೈರಮ್ಮನ ಮನೆಗೆ ಮೊದ್ಲು ಇಳ್ಸೋ," ಎಂದು ಗೋಪಿಗೆ ಹೇಳಿದಳು.